ಕೂಗಿದವರ ಪಾಲು

ಮಾವ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಇಂಟರ್ನೆಟ್ ಕಂಪನಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಅವನ ಟವರ್. ಅಲ್ಲಿಂದ ತಂತಿಯ ಹಂಗಿಲ್ಲದೆ ಗಾಳಿಯಲ್ಲೇ ಹೊರಟ ಇಂಟರ್ನೆಟ್ಟು ಮನೆಮನೆಯ ಮಾಳಿಗೆಯ ಮೇಲಿನ ಪುಟ್ಟ ಡಿಶ್‌ಗೆ ಇಳಿಯುತ್ತಿತ್ತು. "ನಮ್ಮನೆಗೂ ಬರುತ್ತಾ?" ಎಂದು ಯಾರು ಕೇಳಿದರೂ ಮಾವನ ಉತ್ತರ ಒಂದೇ. "ಬರೋದೇನು, ನುಗ್ಗುತ್ತೆ!"

"ಟವರು ತಡೆಯಲ್ಲ ಮಾವ" ಎಂದು ಅಕ್ಕನ ಮಗಳು ಮೆಲ್ಲಗೆ ಹೇಳಿದರೆ ಅವನು ನಗುತ್ತಿದ್ದ. "ಎಲ್ಲಾರಿಗೂ ಒಂದೇ ಸಲ ಬಾಯಾರುತ್ತಾ ಹುಚ್ಚಿ?"

ಬಾಯಾರುತ್ತಿತ್ತು. ದಿನಾ ಸಂಜೆ ದೀಪ ಹತ್ತುವ ಹೊತ್ತಿಗೆ ಊರಿಗೆ ಊರೇ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಟ್ಟಿಗೆ ಬಾಯಾರಿ ಕೂರುತ್ತಿತ್ತು.

ಅವಳಿಗೆ ಮಾವ ಇಟ್ಟ ಹೆಸರು ಇರುವೆ. "ಗುಬ್ಬಿ ಆದ್ರೂ ಚಿಂವ್ ಅನ್ನುತ್ತೆ, ಇವಳು ಅದೂ ಇಲ್ಲ" ಎನ್ನುವುದು ಅವನ ವಿವರಣೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದ. ಕಂಪ್ಯೂಟರಿನ ಸಹವಾಸ ಅವಳಿಗೆ ಹಿತವೇ. ಪರದೆಯ ಮೇಲೆ ಒಂದೊಂದು ಮನೆಗೆ ಒಂದೊಂದು ಗೆರೆ. ಗೆರೆಯ ನಡಿಗೆ ನೋಡಿಯೇ ಯಾರ ಮನೆಯಲ್ಲಿ ಸಿನಿಮಾ, ಯಾರ ಮನೆಯಲ್ಲಿ ಆಟ, ಯಾರು ಟಿವಿ ಹಚ್ಚಿಟ್ಟು ಗೊರಕೆ ಹೊಡೆಯುತ್ತಿದ್ದಾರೆ ಎಂದು ಹೇಳಬಲ್ಲಳು. ಕಷ್ಟ ಇದ್ದದ್ದು ಪಕ್ಕದಲ್ಲಿದ್ದ ಫೋನಿನದು.

"ಏನಮ್ಮಾ! ನಿಮ್ಮ ಇಂಟರ್ನೆಟ್ಟು ಕುಂಟ್ತಾ ಇದೆಯೋ, ತೆವಳ್ತಾ ಇದೆಯೋ?"

ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ದನಿ ಕೆಳಗಿನ ಸೈಕಲ್ ಅಂಗಡಿಗೂ ಕೇಳುತ್ತಿತ್ತು. 'ಸಂಜೆ ಎಲ್ಲರೂ ಬಳಸ್ತಾರೆ ಸರ್, ಸ್ವಲ್ಪ ನಿಧಾನ ಆಗುತ್ತೆ' ಎಂಬ ಸತ್ಯ ಅವಳ ಗಂಟಲಿನವರೆಗೆ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಬಾಯಿಯ ಬದಲು ಬೆರಳು ಕೆಲಸ ಮಾಡುತ್ತಿತ್ತು. ಮೌಸ್ ಹಿಡಿದು ಮೇಷ್ಟ್ರ ಪಾಲನ್ನು ಒಂಚೂರು ಏರಿಸುವಳು.

"ಹಾಂ, ಓಡ್ತು ನೋಡು! ಗದರಿದರೇ ಕೆಲಸ."

ಇಲ್ಲಿ ಏರಿಸಿದ್ದನ್ನು ಇನ್ನೆಲ್ಲಿಂದಲೋ ಇಳಿಸಲೇಬೇಕಲ್ಲ. ಎಂದೂ ಫೋನ್ ಮಾಡದ ಮನೆಗಳಿಂದ ಚಿಟಿಕೆ ಚಿಟಿಕೆ ತೆಗೆಯುತ್ತಿದ್ದಳು. ಅವರಿಗೆ ಸಾಕಾಗಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದು ತನಗೆ ತಾನೇ ಸಮಾಧಾನ. ಸಾಲದಿದ್ದಾಗಲೂ ಸುಮ್ಮನಿದ್ದು ಬೆಳೆದವಳು ಅವಳೇ. ಆದರೂ ಅದು ಹೊಳೆಯಲಿಲ್ಲ.

ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬೈದರೆ ಓಡುತ್ತದೆ ಎಂಬ ಸುದ್ದಿಯನ್ನು ಮೇಷ್ಟ್ರು ವಾಕಿಂಗಿನಲ್ಲಿ ಹಂಚಿದರು. ನೆಲಕ್ಕೂ ನೋವಾಗದಂತೆ ನಡೆಯುವ ಔಷಧಿ ಅಂಗಡಿಯವರು ಕೂಡ ಫೋನ್ ಮಾಡಿ, "ಏಯ್... ಏನ್ರೀ ಇದು... ನಾನೀಗ ಬೈತಾ ಇದೀನಿ, ತಪ್ಪು ತಿಳೀಬೇಡಿ" ಎಂದರು. ಇನ್ನೊಂದು ಮನೆಯಾಕೆ, "ನಮ್ಮಲ್ಲಿ ಚೆನ್ನಾಗಿ ಬೈಯೋಕೆ ಬರೋದು ಅತ್ತೆಗೆ ಮಾತ್ರ. ತಡೀರಿ, ಕೊಡ್ತೀನಿ" ಎಂದಳು. ಅತ್ತೆ ನಿಜಕ್ಕೂ ಪಳಗಿದ ಕೈ.

ಹೀಗಿರುವಾಗ ಒಂದು ಮಧ್ಯಾಹ್ನ ಗಿರಾಕಿಗಳಲ್ಲೊಬ್ಬಳಾದ ದರ್ಜಿ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ಬಿಚ್ಚಿದರೆ ಒಳಗೆ ಅವಳ ಮನೆಯ ಡಿಶ್!

ಅಲ್ಲೇ ಇದ್ದ, ಕಂಪನಿಯ ಟವರ್ ಹತ್ತುವ ಕೆಲಸದವನು ಹೌಹಾರಿದ. ಗೋಡೆ ಕಚ್ಚಿದರೆ ಬಿಡದವನೆಂದು ಅವನಿಗೆ ಉಡ ಎಂದೇ ಹೆಸರು. "ಯಾರ್ರೀ ಬಿಚ್ಚಿದ್ದು? ನನ್ನ ಕರೀಬಾರದಾ?"

"ಸುಮ್ನೆ ನಿಮಗೆ ತೊಂದರೆ ಅಂತ... ಕುರ್ಚಿ ಹಾಕ್ಕೊಂಡು ನಾನೇ..." ದರ್ಜಿ ಅಕ್ಕ ಡಿಶ್ಶನ್ನು ಮೇಜಿನ ಮೇಲಿಟ್ಟಳು. "ಇದು ವಾಪಸ್ಸು."

"ಯಾಕಕ್ಕ?" ಎಂದಳು ಇರುವೆ.

ದರ್ಜಿ ಅಕ್ಕ ನೆಲ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಹೇಳಿದಳು. "ಸಂಜೆ ವಿಡಿಯೊದಲ್ಲಿ ಹೊಲಿಗೆ ಪಾಠ ಮಾಡ್ತೀನಿ. ಬಟ್ಟೆ ಮೇಲೆ ಕತ್ತರಿ ಇಟ್ಟೆ ಅಂದ್ರೆ ಚಿತ್ರ ನಿಂತುಬಿಡುತ್ತೆ. ಮತ್ತೆ ಬರೋ ಹೊತ್ತಿಗೆ ನನ್ನ ಅಂಗಿ ಹೊಲಿದು ಮುಗಿದಿರುತ್ತೆ, ಮಧ್ಯದ್ದು ಅವರಿಗೆ ಕಂಡೇ ಇರಲ್ಲ. ಮೊನ್ನೆ ಒಬ್ಬಳು ಎರಡು ತೋಳನ್ನೂ ಒಂದೇ ಕಡೆ ಹೊಲಿದಳು. ಅರ್ಧ ಜನ ಬಿಟ್ಟುಹೋದ್ರು. ಉಳಿದವರೂ ಹೋದ್ರೆ ಪಾಠ ನಿಂತ ಹಾಗೇ."

"ಒಂದು ಫೋನ್ ಮಾಡಬಾರದಿತ್ತಾ ಅಕ್ಕ?"

"ಮಾಡಿದ್ದೆನಲ್ಲ, ಎರಡು ಸಲ. ನೀನೇ ಎತ್ತಿದೆ. ನೀನು ಮೊದಲು ಮಾತಾಡ್ತೀಯ ಅಂತ ಕಾದೆ."

ಇರುವೆಗೆ ನೆನಪಾಯಿತು. ಎತ್ತಿದರೆ ಆ ಕಡೆ ಬರೀ ಮೌನ. ಅವರೇ ಮಾತಾಡಲಿ ಎಂದು ಅವಳೂ ಕಾದಿದ್ದಳು. ಆ ಗದ್ದಲದ ಸಂಜೆಗಳಲ್ಲಿ ಹಿತವೆನಿಸಿದ ಕರೆಗಳೆಂದರೆ ಅವೆರಡೇ.

ಉಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಲಿಲ್ಲ, ಪರದೆಯ ಕಡೆ ತಿರುಗಿದಳು. ದರ್ಜಿ ಅಕ್ಕನ ಪಾಲು ಚಿವುಟಿ ಚಿವುಟಿ ನೂಲೆಳೆಯಷ್ಟಾಗಿತ್ತು. ಚಿವುಟಿದ ಬೆರಳುಗಳು ತನ್ನವೇ.

"ಇವತ್ತೊಂದು ಸಂಜೆ ಪಾಠ ಮಾಡಿ ನೋಡಿ ಅಕ್ಕ. ಚಿತ್ರ ನಿಂತರೆ ನಾನೇ ಬಂದು ಡಿಶ್ ಬಿಚ್ತೀನಿ."

"ನೀನಾ? ಸ್ಟೂಲ್ ಹತ್ತಿದ್ರೆ ಕಣ್ಣು ಮುಚ್ಕೊಳ್ಳೋಳು!" ಎನ್ನುತ್ತಲೇ ಉಡ ಡಿಶ್ ಎತ್ತಿಕೊಂಡು ದರ್ಜಿ ಅಕ್ಕನ ಹಿಂದೆ ಹೊರಟ.

ದೀಪ ಹತ್ತುವ ಮುಂಚೆ ಇರುವೆ ಏರಿಸಿದ್ದನ್ನೆಲ್ಲ ಇಳಿಸಿ, ಇಳಿಸಿದ್ದನ್ನೆಲ್ಲ ಏರಿಸಿ, ಎಲ್ಲ ಮನೆಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಳು. ಆಮೇಲೆ ಫೋನನ್ನು ನೋಡುತ್ತಾ ಕೂತಳು, ಹಾವನ್ನು ನೋಡುವ ಹಾಗೆ. ಒಳಕೋಣೆಯಲ್ಲಿ ಮಾವ ಜಿಮ್ ನಡೆಸುವ ಹೊಸ ಗಿರಾಕಿಯೊಬ್ಬನಿಗೆ "ನುಗ್ಗುತ್ತೆ ಸ್ವಾಮಿ, ನುಗ್ಗುತ್ತೆ" ಎನ್ನುತ್ತಿದ್ದ.

ಫೋನ್ ಬಡಿದುಕೊಂಡಿತು.

"ಏನಮ್ಮಾ! ಮತ್ತೆ ಕುಂಟೋಕೆ ಶುರುವಾಯ್ತಲ್ಲ!"

ಬಲಗೈ ತಾನಾಗಿಯೇ ಮೌಸಿನತ್ತ ಹೊರಟಿತು. ಅವಳು ಅದನ್ನು ಎಳೆದು ತೊಡೆಯ ಕೆಳಗಿಟ್ಟು, ಅದರ ಮೇಲೆ ಭದ್ರವಾಗಿ ಕೂತಳು. ಇನ್ನು ಉಳಿದದ್ದು ಬಾಯಿ ಒಂದೇ.

"ಆಗಲ್ಲ ಸರ್."

"ಏನಂದೆ?"

"ಟವರಿನಲ್ಲಿ ಇರೋದೇ ಇಷ್ಟು, ಸಂಜೆ ಎಲ್ಲರೂ ಕೂತಿರ್ತಾರೆ. ನೀವು ಗದರಿದಾಗೆಲ್ಲ ಬೇರೆಯವರದ್ದು ತೆಗೆದು ನಿಮಗೆ ಹಾಕ್ತಿದ್ದೆ. ಇನ್ನು ಹಾಕಲ್ಲ."

"ಬೇರೆಯವರದ್ದಾ? ಯಾರದ್ದು?"

"ಕೂಗದೇ ಇರೋರದ್ದು."

ಅವಳು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಮೇಷ್ಟ್ರು ಕೇಳಿದರು, "ಅಂದ್ರೆ ನಾನು ಸಾಲು ಮುರಿದು ಮುಂದೆ ನುಗ್ತಿದ್ದೆ ಅಂತಾನಾ? ಜೀವಮಾನವೆಲ್ಲ ಮಕ್ಕಳನ್ನ ಸಾಲಿನಲ್ಲಿ ನಿಲ್ಲಿಸಿದವನು ನಾನು!"

"ಚಿತ್ರವನ್ನ ಒಂದು ಮೆಟ್ಟಿಲು ಮಬ್ಬು ಮಾಡಿಕೊಂಡ್ರೆ ನಿಲ್ಲದೆ ಓಡುತ್ತೆ ಸರ್."

"ಕುಸ್ತಿ ನೋಡೋಕೆ ಪೈಲ್ವಾನನ ಮೀಸೆ ಕೂದಲು ಎಣಿಸಬೇಕಾ? ಎಲ್ಲಿ ಒತ್ತಬೇಕು, ಹೇಳು." ಹೇಳಿದಳು. ಫೋನನ್ನಂತೂ ಅವರು ಕುಕ್ಕಿಯೇ ಇಟ್ಟರು.

ಎಲ್ಲರೂ ಮೇಷ್ಟ್ರಲ್ಲ. ಪಳಗಿದ ಅತ್ತೆ ಏಳು ಜನ್ಮಕ್ಕಾಗುವಷ್ಟು ಬೈದು, ನಾಳೆಯೇ ಬಂದು ಡಿಶ್ ಬಿಚ್ಚಿಕೊಂಡು ಹೋಗಿ ಎಂದಳು. ಇರುವೆಯ ಕೈ ಮಾತ್ರ ತೊಡೆಯ ಕೆಳಗೇ ಇತ್ತು, ಜೋಮು ಹಿಡಿದಿತ್ತು.

ತಲೆ ಎತ್ತಿದರೆ ಬಾಗಿಲಲ್ಲಿ ಮಾವ, ಅವನ ಹಿಂದೆ ಜಿಮ್ಮಿನವನು.

"ಸಂಜೆ ಕಷ್ಟ ಅಂತೆ?" ಎಂದ ಜಿಮ್ಮಿನವನು.

ಮಾವ ಬಾಯಿ ತೆರೆದ. "ನುಗ್ಗು..."

"ಈಗ ಜಾಗ ಇಲ್ಲ ಸರ್" ಎಂದಳು ಇರುವೆ. "ಟವರಿಗೆ ಇನ್ನೊಂದು ಆಂಟೆನಾ ಏರಿಸಿದ ಮೇಲೆ ಬನ್ನಿ."

ಮಾವ ತೆರೆದ ಬಾಯನ್ನು ಹಾಗೇ ಮುಚ್ಚಿದ. ಜಿಮ್ಮಿನವನು ಮೆಟ್ಟಿಲಿಳಿದ ಮೇಲೆ, "ನಮ್ಮ ಇರುವೆ ಕಚ್ಚುತ್ತೆ ಅಂತ ಯಾರೂ ಹೇಳಿರಲೇ ಇಲ್ಲ" ಎಂದು ಗೊಣಗಿ, ಆಂಟೆನಾ ಅಂಗಡಿಯ ನಂಬರು ಹುಡುಕತೊಡಗಿದ.

ಫೋನ್ ಮತ್ತೆ ಹೊಡೆದುಕೊಂಡಿತು. ಎತ್ತಿದಳು. ಆ ಕಡೆ ಮೌನ.

ಗುರುತು ಸಿಕ್ಕಿತು. "ಅಕ್ಕಾ, ನಾನೇ ಮೊದಲು ಮಾತಾಡ್ತಿದೀನಿ."

ಸಣ್ಣದೊಂದು ನಗು ಕೇಳಿಸಿತು. "ಚಿತ್ರ ನಿಲ್ಲಲಿಲ್ಲ."

"ತೋಳು?"

"ಎರಡೂ ಕಡೆ ಬಂತು."

ಆಮೇಲೆ ಇಬ್ಬರಿಗೂ ಹೇಳುವುದು ಏನೂ ಇರಲಿಲ್ಲ. ಫೋನ್ ಇಡುವ ಮನಸ್ಸೂ ಬರಲಿಲ್ಲ. ಆ ಹೊತ್ತಿನಲ್ಲಿ ಬೈಯಲೆಂದು ಫೋನ್ ಮಾಡಿದವರಿಗೆಲ್ಲ ಲೈನು ಎಂಗೇಜ್ ಬರುತ್ತಿತ್ತು.