ಡಬ್ಬಿಯ ಮೇಲಿನ ಟವಲ್ಲು

ನಾನು ವಸಂತಮ್ಮ, ಭದ್ರಾವತಿ ನ್ಯೂಟೌನಿನವಳು. ನನ್ನ ಪಕ್ಕದ ಮನೆ ಮಹಾಂತಮ್ಮನದು. ಅವಳ ಗಂಡ ಓಬಯ್ಯ ಡ್ರೈವರ್. ಶಿವಮೊಗ್ಗದ ಒಂದು ಶೆಡ್ಡಿನಲ್ಲಿ ಪ್ರವಾಸಿಗರಿಗಾಗಿ ಕ್ಯಾರವಾನ್ ತಯಾರಿಸುತ್ತಾರೆ. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಚಕ್ರದ ಮನೆ ಅದು. ಅದನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಊರೂರಿಗೆ ಮುಟ್ಟಿಸುವುದು ಓಬಯ್ಯನ ಕೆಲಸ. ಅಷ್ಟುದ್ದದ ಗಾಡಿಯನ್ನು ಎಂಥ ತಿರುವಿನಲ್ಲೂ ಒಂದು ಗೀರು ಬೀಳದ ಹಾಗೆ ತಿರುಗಿಸುತ್ತಾನೆ. ಕೈ ಅಂದರೆ ಅದು ಕೈ!

ಆದರೆ ಕೈ ಗಟ್ಟಿಯಿದ್ದರೆ ಸಾಕೇನ್ರೀ? ಒಂದು ಮಧ್ಯಾಹ್ನ ಹೆಪ್ಪಿಗೆ ಚೂರು ಮೊಸರು ಕೇಳೋಣ ಅಂತ ಅವರ ಮನೆಗೆ ಹೋದೆ. ಓಬಯ್ಯ ಊಟಕ್ಕೆ ಕೂತಿದ್ದ. ತುತ್ತು ಕೈಯಲ್ಲೇ ಇತ್ತು, ಬಾಯಿ ತೆರೆದೇ ಇತ್ತು, ಮನುಷ್ಯ ಮಾತ್ರ ನಿದ್ದೆ ಹೋಗಿದ್ದ. ಸಾರು ಮೊಣಕೈವರೆಗೂ ಇಳಿದಿತ್ತು. ನನಗೆ ನಗು ಬಂತು. ಮಹಾಂತಮ್ಮ ನಗಲಿಲ್ಲ.

“ಅನ್ನ ಕೈಲಿದ್ದಾಗಲೇ ಹಿಂಗೆ ವಸಂತಕ್ಕ. ಸ್ಟೇರಿಂಗ್ ಕೈಲಿದ್ದಾಗ ಹಿಂಗಾದ್ರೆ ಏನ್ ಗತಿ?” ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಓಬಯ್ಯ ಬೆಚ್ಚಿಬಿದ್ದು ಎದ್ದ. “ಸ್ಟೇರಿಂಗ್ ಹಿಡಿದ್ರೆ ನಂಗೆ ನಿದ್ದೆ ಬರಲ್ಲ ಮಾರಾಯ್ತಿ. ಗಾಡಿಗೆ ನಿಂಬೆಹಣ್ಣು ಕಟ್ಟಿದೀನಿ. ಮುಂದೆ ಆಂಜನೇಯನ ಫೋಟೋ ಇದೆ.”

“ಆಂಜನೇಯಂಗೆ ನಿದ್ದೆ ಬರಲ್ಲ ಕಣ್ರೀ. ನಿಮಗೆ ಬರುತ್ತೆ!”

ಸ್ವಲ್ಪ ದಿನಕ್ಕೆ ಶೆಡ್ಡಿನವರು ಗಾಡಿಗೊಂದು ಡಬ್ಬಿ ಕೂರಿಸಿದರು. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಅದು ತಾನೇ ದಾಖಲಿಸುತ್ತದೆ. ಹೊತ್ತು ಮೀರಿದರೆ ಕೂಗುತ್ತದೆ. ಓಬಯ್ಯನಿಗೆ ಉರಿದುಹೋಯಿತು. ಡಬ್ಬಿಯ ಮೇಲೆ ತನ್ನ ಟವಲ್ ಹೊದಿಸಿಬಿಟ್ಟ!

ಶೆಡ್ಡಿನಲ್ಲಿ ಡ್ರೈವರುಗಳ ಉಸ್ತುವಾರಿ ನೋಡುವ ಸಂಧ್ಯಾ ಎಂಬ ಹುಡುಗಿ ಮನೆಗೇ ಬಂದಳು. ನಾನೂ ಅಲ್ಲೇ ಇದ್ದೆ.

“ಓಬಯ್ಯಣ್ಣ, ಅದಕ್ಕೆ ಕಣ್ಣಿಲ್ಲ. ಟವಲ್ ಹೊದಿಸಿದ್ರೆ ಅದಕ್ಕೆ ಚಳಿ ಆಗಲ್ಲ, ಅಷ್ಟೇ.”

“ನಾನೇನು ಕಳ್ಳನೇನಮ್ಮ? ಟೀಗೆ ನಿಂತ್ರೂ ಬರ್ಕೊಳ್ಳುತ್ತೆ, ಒಂದಕ್ಕೆ ಹೋದ್ರೂ ಬರ್ಕೊಳ್ಳುತ್ತೆ!”

“ನಿಲ್ಲಲಿ ಅಂತಲೇ ಹಾಕಿರೋದು ಅಣ್ಣ. ಡ್ರೈವರ್‌ಗೆ ದಿನಕ್ಕೆ ಎಂಟು ಗಂಟೆ ಕೆಲಸ. ಐದು ಗಂಟೆ ಮೀರೋದ್ರೊಳಗೆ ಅರ್ಧ ಗಂಟೆ ಬಿಡುವು. ಇದು ಇವತ್ತಿನ ಮಾತಲ್ಲ, ಎಷ್ಟೋ ವರ್ಷದಿಂದ ಇರೋ ಕಾನೂನು. ಡಬ್ಬಿ ಎಲ್ಲರಿಗೂ ಕಡ್ಡಾಯ ಅಂತಿಲ್ಲ, ನಮ್ಮ ಶೆಡ್ಡಲ್ಲಿ ನಾವೇ ಹಾಕಿಸಿದ್ವಿ. ‘ನಂಗೆ ಸುಸ್ತಾಗಿದೆ’ ಅಂತ ನೀವು ಹೇಳಿದ್ರೆ ನಂಬದೇ ಇರೋರು, ಡಬ್ಬಿ ಹೇಳಿದ್ರೆ ನಂಬಲೇಬೇಕು.”

ಓಬಯ್ಯ ಮುಖ ತಿರುಗಿಸಿದ. ಆಗ ಮಹಾಂತಮ್ಮ ಬಾಯಿ ತೆರೆದಳು ನೋಡಿ! ಅವಳಪ್ಪ ಪುಟ್ಟಯ್ಯ ಇಲ್ಲಿನ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ದುಡಿದವರು.

“ರೀ, ಕಾರ್ಖಾನೆ ಸೈರನ್ ಕೂಗಿದ್ರೆ ಅಮ್ಮ ಒಲೆ ಮೇಲೆ ಅನ್ನಕ್ಕೆ ಇಡೋಳು. ಅಪ್ಪ ಬಂದ್ರು ಅಂತಲೇ ಲೆಕ್ಕ. ಸೈರನ್ ಆದ್ಮೇಲೂ ದುಡಿ ಅಂತ ಅಪ್ಪಂಗೆ ಯಾರೂ ಹೇಳ್ತಿರ್ಲಿಲ್ಲ. ಸೈರನ್ ನನ್ನ ಮೇಲೆ ಕಣ್ಣಿಟ್ಟಿದೆ ಅಂತ ಅಪ್ಪ ಯಾವತ್ತೂ ಬೈಲಿಲ್ಲ. ಅದು ಅವರನ್ನ ಮನೆಗೆ ಕಳಿಸ್ತಿತ್ತು. ನಿಮಗೆ ಇಷ್ಟು ವರ್ಷ ಸೈರನ್ನೇ ಇರ್ಲಿಲ್ಲ. ಈಗ ಬಂದಿದೆ. ಅದರ ಬಾಯಿಗೆ ಟವಲ್ ಮುಚ್ತೀರಲ್ಲ!”

ಭೇಷ್ ಅನ್ನಿಸಿತು ನನಗೆ. ಟವಲ್ ಮಾತ್ರ ಡಬ್ಬಿಯ ಮೇಲೇ ಇತ್ತು.

ಮುಂದಿನ ವಾರ ಒಂದು ದಿನ ಓಬಯ್ಯ ಬೆಳಿಗ್ಗೆಯೇ ಚಿತ್ರದುರ್ಗಕ್ಕೆ ಒಂದು ಕ್ಯಾರವಾನ್ ಮುಟ್ಟಿಸಿ ಬಂದ. ಬಂದವನಿಗೆ ಹೊಸಪೇಟೆ ಕಡೆಯ ರೆಸಾರ್ಟಿಗೆ ಮುಟ್ಟಿಸಬೇಕಾದ ಇನ್ನೊಂದು ಕಾದಿತ್ತು. ಹರಿಹರ ಮುಟ್ಟುವಾಗ ರೆಪ್ಪೆ ಎಳೆಯತೊಡಗಿತು. ಅಷ್ಟರಲ್ಲಿ ಟವಲಿನ ಕೆಳಗಿನಿಂದ ಡಬ್ಬಿ ಕೂಗಿತು. ಓಬಯ್ಯ ಗಾಡಿಯನ್ನು ಒಂದು ಢಾಬಾದ ಅಂಗಳಕ್ಕೆ ಇಳಿಸಿ ಶೆಡ್ಡಿನ ಮಾಲೀಕ ತ್ರಿವಿಕ್ರಮ ಅವರಿಗೆ ಫೋನ್ ಮಾಡಿದ.

“ಅಯ್ಯೋ, ನಿಲ್ಲಿಸ್ಬೇಡ ಮಾರಾಯ! ಇವತ್ತೇ ಬರ್ಲಿಲ್ಲ ಅಂದ್ರೆ ಗಾಡಿಯೇ ಬೇಡ ಅಂತ ರೆಸಾರ್ಟಿನವರು ಕೂಗಾಡ್ತಿದಾರೆ. ಇವತ್ತೊಂದಿನ ಡಬ್ಬಿ ವೈರ್ ಕಿತ್ತಾಕಿ ಹೊರಡು.”

ನೋಡಿ, ಡಬ್ಬಿ ಹಾಕಿಸಿದವರೇ ಕೀಳು ಅನ್ನುತ್ತಿದ್ದಾರೆ! ಓಬಯ್ಯನ ಕೈ ವೈರಿನವರೆಗೂ ಹೋಯಿತಂತೆ. ಕೆಲಸ ಹೋದರೆ ಮನೆ ನಡೆಯುವುದು ಹೇಗೆ? ಆದರೆ ಹೆಂಡತಿಯ ಮಾತು ಕಿವಿಯಲ್ಲಿತ್ತು.

“ಸಾರ್, ವೈರ್ ಕೀಳಬಹುದು. ನನ್ನ ನಿದ್ದೆ ಕೀಳೋಕಾಗಲ್ಲ. ಸೈರನ್ ಆಯ್ತು, ನನ್ನ ಪಾಳಿ ಮುಗೀತು. ಬೇರೆ ಡ್ರೈವರ್ ಕಳಿಸಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನಾನೇ ಹೊರಡ್ತೀನಿ.”

ಆ ಕಡೆ ಫೋನ್ ಬೇರೆ ಕೈಗೆ ಹೋಯಿತು. ಆಮೇಲೆ ಸಂಧ್ಯಾಳ ದನಿ ಬಂತು: “ಅಣ್ಣ, ನೀವು ಮಲಗಿ. ರೆಸಾರ್ಟಿನವರ ಹತ್ರ ನಾನು ಮಾತಾಡ್ತೀನಿ.”

ಇತ್ತ ಮಹಾಂತಮ್ಮ ಫೋನ್ ಮೇಲೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಕೊನೆಗೆ ಯಾರೋ ಫೋನ್ ಎತ್ತಿದರು. “ನಾನು ಢಾಬಾದವನಮ್ಮ. ಗಾಬರಿ ಆಗ್ಬೇಡಿ, ನಿಮ್ಮೆಜಮಾನ್ರು ಗೊರಕೆ ಹೊಡೀತಿದಾರೆ” ಅಂದ ಆತ, ವಿಡಿಯೋ ಕಾಲ್ ಮಾಡಿ ತೋರಿಸಿದ. ಓಬಯ್ಯ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿದ್ದ. ಟವಲ್ ಈಗ ಡಬ್ಬಿಯ ಮೇಲಲ್ಲ, ಅವನ ಮುಖದ ಮೇಲಿತ್ತು. ಮಹಾಂತಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಕ್ಯಾರವಾನ್ ಮಾರನೇ ದಿನ ಗೀರಿಲ್ಲದೆ ಮುಟ್ಟಿತು. ರೆಸಾರ್ಟಿನವರು ಗೊಣಗಿಕೊಂಡೇ ಅದನ್ನು ತೆಗೆದುಕೊಂಡರು. ತ್ರಿವಿಕ್ರಮ ಅವರೂ ದೊಡ್ಡವರೇ. “ನಾನು ಹಾಗೆ ಹೇಳಬಾರದಿತ್ತು” ಎಂದು ಓಬಯ್ಯನ ಮುಂದೆಯೇ ಒಪ್ಪಿಕೊಂಡರು. ಈಗ ದೂರದ ಊರಿಗೆ ಇಬ್ಬರು ಡ್ರೈವರುಗಳು ಹೋಗುತ್ತಾರೆ.

ಡ್ರೈವರಣ್ಣಂದಿರೇ, ರೆಪ್ಪೆ ಎಳೆದರೆ ಗಾಡಿ ನಿಲ್ಲಿಸಿ. ಡಬ್ಬಿ ಇಲ್ಲದಿದ್ದರೂ ಕಾನೂನು ನಿಮ್ಮ ಕಡೆಗಿದೆ. ಮಾಲೀಕರೇ, ಅವರನ್ನು ಅವಸರಪಡಿಸಬೇಡಿ. ಅಕ್ಕತಂಗಿಯರೇ, “ಎಲ್ಲಿದೀರಾ, ಯಾವಾಗ ಬರ್ತೀರಾ” ಎಂದು ಕೇಳುವ ಮುಂಚೆ “ಮಲಗಿದ್ರಾ” ಎಂದು ಕೇಳಿ.

ಮೊನ್ನೆ ಮತ್ತೆ ಮೊಸರಿಗೆ ಹೋಗಿದ್ದೆ. ಓಬಯ್ಯ ಕಣ್ಣುಬಿಟ್ಟುಕೊಂಡು ಉಣ್ಣುತ್ತಿದ್ದ, ಇನ್ನೊಂದು ಸೌಟು ಸಾರು ಕೇಳಿದ. ಮಹಾಂತಮ್ಮ ನಗುತ್ತಾ ಬಡಿಸಿದಳು.