ಗಿರಿಯಮ್ಮನ ಹಾಡಿಗೊಂದು ಅಡಾಪ್ಟರ್

ಸೀತೂರಿನಿಂದ ಗಿರಿಯಮ್ಮನ ಸೊಸೆ ಜಲಜಮ್ಮ ಫೋನ್ ಮಾಡಿದ್ದರು.

"ಮೇಷ್ಟ್ರೇ, ಅತ್ತೆಗೆ ಎಲ್ಲಾ ಮರ್ತೋಗ್ತಿದೆ. ಆದ್ರೂ ತಮ್ಮ ಹಾಡು ಕೇಳ್ಬೇಕು ಅಂತ ಹಟ. ನಿಮ್ಮ ಕಂಪ್ಯೂಟರಲ್ಲಿ ಇದಾವಲ್ಲ, ಒಂದ್ಸಲ ಬಂದು ಓದ್ತೀರಾ? ಬೇಗ ಬನ್ನಿ. ಊಟ ಬಿಟ್ಟಿದಾರೆ."

ಶೃಂಗೇರಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ಸಚ್ಚಿದಾನಂದ ರಜೆ ಸಿಕ್ಕಾಗಲೆಲ್ಲ ಗಿರಿಯಮ್ಮನ ಜಗಲಿಯಲ್ಲಿ ಕೂರುತ್ತಿದ್ದರು. ಗಿರಿಯಮ್ಮ ಅಕ್ಕಿ ಕೇರುತ್ತ ನಾಟಿ ಹಾಡು, ಮದುವೆ ಹಾಡು ಹೇಳುತ್ತಿದ್ದರು. ಇವರು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಟೈಪ್ ಮಾಡುತ್ತಿದ್ದರು. ಪ್ರಿಂಟ್ ತೆಗೆಸಿದ್ದ ಕಟ್ಟು ಗೆದ್ದಲು ಹಿಡಿದು ಹೋಗಿತ್ತು. ಹಾಡುಗಳು ಉಳಿದಿದ್ದು ಆ ಹಳೇ ಯಂತ್ರದೊಳಗೆ ಮಾತ್ರ. ಅದರ ಬ್ಯಾಟರಿ ಎಂದೋ ಸತ್ತಿತ್ತು. ಅಡಾಪ್ಟರ್ ಮನೆ ಬದಲಿಸುವಾಗ ಕಳೆದಿತ್ತು.

ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅರುಣ ತನ್ನಲ್ಲಿದ್ದ ಅಡಾಪ್ಟರುಗಳ ಪಿನ್ನುಗಳನ್ನೆಲ್ಲ ಚುಚ್ಚಿ ನೋಡಿದ. ಒಂದೂ ಕೂರಲಿಲ್ಲ.

"ಇಂಥದ್ದು ಈಗ ಬರೋದೇ ಇಲ್ಲ ಸರ್. ಬಿಟ್ಟೋಗಿ, ಡಿಸ್ಕ್ ಬಿಚ್ಚಿ ಒಳಗಿರೋದನ್ನ ತೆಗ್ಸೋಕೆ ಶಿವಮೊಗ್ಗಕ್ಕೆ ಕಳಿಸ್ತೀನಿ, ಇಷ್ಟು ಹಳೇದು ನನ್ನ ಮಷೀನಿಗೆ ಸೇರಲ್ಲ. ಹದಿನೈದಿಪ್ಪತ್ತು ದಿನ ಆಗ್ಬೋದು."

"ಅಷ್ಟು ದಿನ ಅವ್ರು ಇರ್ತಾರೋ ಇಲ್ವೋ ಮಾರಾಯ" ಎಂದ ಸಚ್ಚಿದಾನಂದ, ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದರು.

ಅಲ್ಲಿ ಟೀವಿ ರಿಪೇರಿಯ ಹೂವಪ್ಪ ಹಳೇ ವೈರಿನ ಮೂಟೆಯನ್ನೇ ನೆಲಕ್ಕೆ ಸುರಿದ. ಒಂದು ಪಿನ್ ಗಟ್ಟಿಯಾಗಿ ಕೂತಿತು. ವೋಲ್ಟೇಜೂ ತಾಳೆಯಾಯಿತು. ಸಚ್ಚಿದಾನಂದ ಲ್ಯಾಪ್‌ಟಾಪನ್ನು ಸ್ವಿಚ್ಚಿನ ಹತ್ತಿರಕ್ಕೆ ಸರಿಸಿದರು.

"ತಡೀರಿ ಮಾರಾಯ್ರೆ, ಪ್ಲಸ್ಸು ಮೈನಸ್ಸಿನ ಗುರುತು ಅಳಿಸೋಗಿದೆ, ಅದಲುಬದಲಾದ್ರೆ ಸುಟ್ಟೋಗುತ್ತೆ. ನಾಳೆ ಬನ್ನಿ, ಎರಡನ್ನೂ ಬಿಚ್ಚಿ ನೋಡಿ ಹೇಳ್ತೀನಿ."

"ಇದೇ ಸರಿಯಾದ್ದು, ಕೂತಿದೆಯಲ್ಲ! ಹಾಕಿ."

ಹೂವಪ್ಪ ಅನುಮಾನಿಸುತ್ತಲೇ ಸ್ವಿಚ್ ಒತ್ತಿದ. ಹಸಿರು ದೀಪ ಒಮ್ಮೆ ಮಿಣುಕಿ ಆರಿತು. ಸುಟ್ಟ ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಹೂವಪ್ಪ ವೈರು ಕಿತ್ತೆಸೆದ. ಆಗಲೇ ತಡವಾಗಿತ್ತು.

ಮರುದಿನ ಅರುಣ ಡಿಸ್ಕ್ ಹೊರತೆಗೆದು ಕರೆಂಟ್ ಕೊಟ್ಟು ನೋಡಿದ. ಅದು ತಿರುಗಲೇ ಇಲ್ಲ. ಶಿವಮೊಗ್ಗದವರೂ ಅವನು ಕಳಿಸಿದ ಸುಟ್ಟ ಡಿಸ್ಕಿನ ಫೋಟೋ ನೋಡಿ ಆಗುವುದಿಲ್ಲ ಎಂದರು.

ಸೀತೂರಿನಲ್ಲಿ ಗಿರಿಯಮ್ಮ ಗೋಡೆಗೊರಗಿ ಕೂತಿದ್ದರು. ಗುರುತು ಹಿಡಿದರು.

"ಮೇಷ್ಟ್ರು ಬಂದ್ರಾ? ಹಾಡು ತಂದ್ರಾ?"

"ಹಾಳಾಯ್ತು ಅಮ್ಮಾ. ನನ್ನ ಅವಸರಕ್ಕೇ ಹಾಳಾಯ್ತು."

ಗಿರಿಯಮ್ಮ ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡರು.

"ನಿಮ್ಮತ್ರ ಭದ್ರ ಇದಾವಲ್ಲ ಅಂತ ನಾನು ಮೊಮ್ಮಕ್ಳಿಗೂ ಹೇಳ್ಕೊಡ್ಲಿಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಹಾಗೇ ಗೋಡೆಯತ್ತ ಹೊರಳಿ ಮಲಗಿಬಿಟ್ಟರು.

ಒಂದು ಸಾಲಾದರೂ ನೆನಪಾದೀತೆಂದು ಸಚ್ಚಿದಾನಂದ ಅಲ್ಲೇ ಕೂತರು. ಧಾಟಿ ಏನೋ ಗಂಟಲಿಗೆ ಬಂತು, ಮಾತು ಬರಲಿಲ್ಲ. ಅಷ್ಟೊಂದು ಹಾಡು ಅವರ ಬೆರಳಿನಿಂದ ಇಳಿದಿತ್ತು, ಒಂದೂ ಒಳಗೆ ನಿಂತಿರಲಿಲ್ಲ. ಜಲಜಮ್ಮ ತಂದಿಟ್ಟ ಕಾಫಿ ಆರಿ ಕೆನೆಗಟ್ಟಿತು.