ಉಸಿರಿಗಾಗಿ ಹಿಡಿದ ಸ್ವರ

ಮಾವನ ಜೊತೆ ಬೀದಿಯಲ್ಲಿ ನಡೆದವರಿಗೆಲ್ಲ ತಾವೇ ಮುಂದಾಳುಗಳೆಂಬ ಸುಖವಾದ ಭ್ರಮೆಯೊಂದು ಹುಟ್ಟುತ್ತದೆ. ನಮ್ಮ ತಾಯಿಯ ಅಣ್ಣನಾದ ಇವರು ಯಾರೊಡನೆ ಹೊರಟರೂ ಅರ್ಧ ಹೆಜ್ಜೆ ಹಿಂದೆ, ಎಡ ಹೆಗಲನ್ನು ಕೊಂಚ ಇಳಿಸಿಕೊಂಡು, ಅಲ್ಲಿಲ್ಲದ ವಾದ್ಯದ ಭಾರವನ್ನು ಈಗಲೂ ಹೊತ್ತವರಂತೆ ಬರುತ್ತಾರೆ. ನಾನಂತೂ ಸಂಬಳದ ಆಳು. ಹಿಂದೆ ಒಬ್ಬರು ಬಂದರೆ ಸಾಕು, ಮಂತ್ರಿಯ ಗತ್ತಿನಲ್ಲಿ ಎದೆ ಸೆಟೆಸಿ ನಡೆಯುತ್ತೇನೆ. ಬಹಳ ತಡವಾಗಿ ಗಮನಿಸಿದ್ದೇನೆಂದರೆ, ಅವರು ನಿಧಾನಿಸಿದರೆ ನಾನೂ ನಿಧಾನಿಸುತ್ತೇನೆ, ಅವರು ಬೀಸಿ ನಡೆದರೆ ನನ್ನ ಕಾಲೂ ಬೀಸುತ್ತದೆ. ಬೇಕರಿಯೆದುರು ಅವರು ನಿಂತರೆ ಮಂತ್ರಿಗಳ ಸವಾರಿಯೂ ಅಲ್ಲೇ ನಿಲ್ಲುತ್ತದೆ.

ಮಾವ ಬೇಸ್ ಗಿಟಾರ್ ನುಡಿಸುತ್ತಿದ್ದವರು. ಸೋಲ್ ಎಂಬ, ಎದೆಯೊಳಗಿನದನ್ನೆಲ್ಲ ಗಂಟಲಿಗೆ ತಂದು ಸುರಿಯುವ ಗಾಯನವು ಉಚ್ಛ್ರಾಯದಲ್ಲಿದ್ದ ಕಾಲಕ್ಕೆ, ಸ್ಟುಡಿಯೋ ಕರೆದಾಗ ಹೋಗಿ, ಯಾರದೋ ಹಾಡಿಗೆ ಮಂದ್ರ ಸ್ವರಗಳಲ್ಲಿ ಕೆಳಗಿಂದ ಆಧಾರ ಕೊಟ್ಟು, ಕೋಟು ಕೊಡವಿಕೊಂಡು ಮನೆಗೆ ಬರುತ್ತಿದ್ದರು. ಒಡನಾಡಿಗಳು ಅವರಿಗೆ ಇಟ್ಟ ಹೆಸರು 'ನೆಲಮಾಳಿಗೆ'. ಆ ಕಂದು ಕೋಟಿನ ಬಲಜೇಬು ಇವತ್ತಿಗೂ ಉಬ್ಬಿಕೊಂಡಿರುತ್ತದೆ. ಅದರೊಳಗಿರುವುದು ಸ್ಪಂಜಿನ ಒಂದು ತುಂಡು. ತಂತಿಗಳ ಬುಡಕ್ಕೆ ಅದನ್ನು ತುರುಕಿದರೆ ನಾದವು ಗುಂಯ್ಗುಡುತ್ತ ಅಲೆಯದೆ, ಮಾಗಿದ ಹಣ್ಣಿನಂತೆ ದುಂಡಗೆ ಬಿದ್ದು ಸುಮ್ಮನಾಗುತ್ತದಂತೆ. ಸ್ಪಂಜಿನ ಮೂಲವನ್ನು ಮಾವ ಹೇಳುವುದಿಲ್ಲ, ಅತ್ತೆ ಹೇಳುತ್ತಾರೆ.

"ನಿಮ್ಮ ಮಾವನ ಸಂಗೀತಸೇವೆ ಅಂದ್ರೆ ಏನು ಗೊತ್ತೇನೋ? ಪಾತ್ರೆ ತೊಳೆಯೋ ಸ್ಪಂಜೆಲ್ಲಾ ಹಾಡಿಗೆ ಹೋಯ್ತು, ತಳ ಹಿಡಿದ ಪಾತ್ರೆ ನನಗೆ ಉಳೀತು."

"ಹೊಸ ಸ್ಪಂಜು ಕೆಲಸಕ್ಕೆ ಬರಲ್ಲ ಕಣೆ. ನಿನ್ನ ಕೈಯಲ್ಲಿ ಪಳಗಿರಬೇಕು," ಎಂದು ಮಾವ ಹೊಗಳಿದಂತೆ ಮಾಡಿ ಜಾರಿಕೊಳ್ಳುತ್ತಾರೆ.

ಇಷ್ಟರಿಂದ ಅವರು ವಿನಯದ ಮೂರ್ತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ತಮ್ಮ ಹಾಡು ಹೋಟೆಲಿನಲ್ಲಿ ಕೇಳಿಬಂದರೆ, ಪಕ್ಕದ ಮೇಜಿನವರ ಕಾಲು ಕುಣಿಯುತ್ತಿದೆಯೇ ಎಂದು ಬಗ್ಗಿ ನೋಡುವಷ್ಟು ಅಭಿಮಾನ ಅವರಿಗಿದೆ. ಅವರು ನುಡಿಸಿದವುಗಳಲ್ಲೆಲ್ಲ ಅತ್ಯಂತ ಜನಪ್ರಿಯವಾದ ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕಿಯ ಕೇಶಾಲಂಕಾರ ಮಾಡಿದವರ ಹೆಸರು ಕೂಡ ಅಚ್ಚಾಗಿದೆ, ಮಾವನದಿಲ್ಲ. ನಾನು ಅದನ್ನು ಹಿಡಿದು ಕೊತಕೊತ ಕುದ್ದಾಗ ಅವರು ಚಿತ್ರವನ್ನು ದೂರ ಹಿಡಿದು ನೋಡಿ, "ಕೂದಲು ನಿಜಕ್ಕೂ ಚೆನ್ನಾಗಿತ್ತು ಕಣೋ," ಎಂದರು.

ನನಗೆ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿದ್ದು ಕಿವಿಯ ಯೋಗ್ಯತೆಯಿಂದಲ್ಲ, ಮಾವನ ಮುಖ ನೋಡಿ. ಹುದ್ದೆಯ ಹೆಸರು ಸಹಾಯಕ ಶಬ್ದಗ್ರಾಹಕ. ನಾನು ಗ್ರಹಿಸುವುದು ಮಾತ್ರ ಹೆಚ್ಚಾಗಿ ಕಾಲಿಗೆ ಸಿಕ್ಕಿಕೊಳ್ಳುವ ವೈರುಗಳನ್ನು. ಕಳೆದ ತಿಂಗಳು ಅದೇ ಗಾಯಕಿ ಅದೇ ಹಾಡನ್ನು ಹೊಸದಾಗಿ ಹಾಡಿ ಮುದ್ರಿಸಲು ಬಂದರು. ಈಗವರಿಗೆ ಮೊಮ್ಮಕ್ಕಳಿದ್ದಾರೆ. ಬಾಗಿಲಲ್ಲೇ ಸಂಗೀತ ನಿರ್ದೇಶಕರಿಗೆ ಹೇಳಿಬಿಟ್ಟರು: "ಇವತ್ತು ಬಂದ್ರೆ ಬಂತು. ಬರದಿದ್ರೆ ಇನ್ನು ಮೈಕಿನ ಮುಂದೆ ನನ್ನನ್ನ ನಿಲ್ಲಿಸ್ಬೇಡಿ."

ಬೇಸ್ ನುಡಿಸಲು ಬಂದ ತರುಣ ಮಹಾ ಶ್ರದ್ಧಾವಂತ. ಹಳೆಯ ರೆಕಾರ್ಡನ್ನು ಸ್ವರಕ್ಕೆ ಸ್ವರ ಬಾಯಿಪಾಠ ಮಾಡಿದ್ದ. ಆದರೂ ಮೂರನೆಯ ಸಾಲಿಗೆ ಬಂದಾಗಲೆಲ್ಲ ಗಾಯಕಿ ಎಡವುತ್ತಿದ್ದರು. ಅಲ್ಲಿ ಬೇಸಿನ ಒಂದೇ ಸ್ವರ ನೀಳವಾಗಿ ನಿಂತು, ಆಮೇಲೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ರಸಿಕರು ಆ ನಿಲುಗಡೆಯ ದಿಟ್ಟತನವನ್ನು ಕೊಂಡಾಡಿ ಲೇಖನಗಳನ್ನೇ ಬರೆದಿದ್ದಾರೆ. ಸ್ವರ ಇಳಿಯುತ್ತಿತ್ತು, ಇವರ ದನಿ ಏಳುತ್ತಿರಲಿಲ್ಲ. ನಿರ್ದೇಶಕರು ಮೈಕನ್ನು ಬೈದರು. ನಾನು ಮೈಕು ಬದಲಿಸಿದೆ, ವೈರು ಬದಲಿಸಿದೆ. ನನಗೆ ಗೊತ್ತಿರುವ ಕೆಲಸವೇ ಅದಾದ್ದರಿಂದ ಬಹಳ ಉತ್ಸಾಹದಿಂದಲೇ ಬದಲಿಸಿದೆ. ಗಾಯಕಿ ಹೊರಡಲೆಂದು ಕೈಚೀಲಕ್ಕೆ ಕೈಹಾಕಿದ್ದರು.

ಮಧ್ಯಾಹ್ನದ ಚಹಾದ ನೆಪದಲ್ಲಿ ಬಂದ ಮಾವ ಗಾಜಿನಾಚೆ ನಿಂತಿದ್ದು ಆಕೆಯ ಕಣ್ಣಿಗೆ ಬಿದ್ದದ್ದು ಆಗಲೇ. "ಏ ನೆಲಮಾಳಿಗೆ, ಅಲ್ಲೇನು ಗೊಂಬೆ ಥರ ನಿಂತಿದ್ದೀಯ? ಒಳಗೆ ಬಾರಯ್ಯ."

ಮಾವ ಒಳಗೆ ಬಂದರು, ತರುಣನ ಗಿಟಾರನ್ನು ಕೇಳಿ ತೆಗೆದುಕೊಂಡರು, ಸ್ಪಂಜು ತುರುಕಿದರು, ಕುರ್ಚಿಯನ್ನು ಗಾಯಕಿಯ ಕಡೆಗೆ ತಿರುಗಿಸಿ ಕೂತರು. ಅವರ ದೃಷ್ಟಿ ಬೆರಳುಗಳ ಮೇಲಿರಲಿಲ್ಲ, ಆಕೆಯ ಭುಜದ ಮೇಲಿತ್ತು. ಮೂರನೆಯ ಸಾಲು ಬಂತು. ಸ್ವರ ನಿಂತಿತು, ರೆಕಾರ್ಡಿನಲ್ಲಿದ್ದಷ್ಟು ಹೊತ್ತೂ ದಾಟಿ ನಿಂತಿತು. ನಿರ್ದೇಶಕರು ಗಡಿಯಾರ ನೋಡಿದರು, ನಾನು ಅಭ್ಯಾಸಬಲದಿಂದ ವೈರು ನೋಡಿದೆ. ಆಕೆಯ ಭುಜ ಮೆಲ್ಲಗೆ ಮೇಲೆದ್ದಿತು. ಆಗ ಸ್ವರ ಇಳಿಯಿತು, ಅದರ ಬೆನ್ನಮೇಲೆ ಕಾಲಿಟ್ಟು ದನಿ ಏರಿತು. ಹಾಡು ಮುಗಿದಾಗ ಗಾಯಕಿ ಕಣ್ಣೊರೆಸಿಕೊಂಡು, "ಇನ್ನೂ ಬದುಕಿದ್ದೀಯಲ್ಲಯ್ಯಾ," ಎಂದರು.

"ಆ ನಿಲುಗಡೆ ಅಷ್ಟೇ ಇರಬೇಕು ಅಂತ ಆವತ್ತು ಹೇಗೆ ನಿಶ್ಚಯ ಮಾಡಿದ್ರಿ, ಸಾರ್?" ತರುಣ ಕೇಳಿದ.

"ನಿಶ್ಚಯ ಎಲ್ಲಿ ಬಂತಪ್ಪಾ! ಅಮ್ಮಾವ್ರು ತಡವಾಯ್ತು ಅಂತ ಮೆಟ್ಟಿಲು ಹತ್ಕೊಂಡು ಓಡಿಬಂದಿದ್ರು. ಏದುಸಿರು. ಸ್ವಲ್ಪ ಉಸಿರು ತಗೊಳ್ಳಲಿ ಪಾಪ ಅಂತ ಕಾದೆ, ಅಷ್ಟೆ."

ಯೌವನದ ಏದುಸಿರೊಂದನ್ನು ಶಾಸ್ತ್ರವೆಂದು ನಂಬಿ ಮಾತ್ರೆಯ ಲೆಕ್ಕದಲ್ಲಿ ಕಂಠಸ್ಥ ಮಾಡಿದ್ದ ತರುಣ, ಮೊದಲು ಪೆಚ್ಚಾದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಮಾವ ಗಿಟಾರನ್ನು ಅವನ ತೊಡೆಗೇರಿಸಿದರು.

"ಈಗ ನೀನು ನುಡಿಸು. ಅವಳ ಭುಜ ನೋಡ್ತಿರು. ತಪ್ಪಿದ್ರೆ ಬೈತಾಳೆ, ಬೈಸ್ಕೊ. ಅವಳ ಬಾಯಲ್ಲಿ ನಾನೇನು ಕಮ್ಮಿ ಬೈಗುಳ ತಿಂದಿಲ್ಲ."

ಎರಡು ಬಾರಿ ಬೈಸಿಕೊಂಡ ಮೇಲೆ ಅವನಿಗೆ ಅದು ಕೈಹತ್ತಿತು. ರೆಕಾರ್ಡಿಗೆ ಹೋದದ್ದು ಅವನು ನುಡಿಸಿದ್ದೇ. ಮಾವನದನ್ನೇ ಇಡಬೇಕಿತ್ತೆಂದು ನಾನು ಮುಖ ಉಬ್ಬಿಸಿದರೆ, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಅವರು, "ನಾನು ನುಡಿಸಿದ್ರೆ ಇವತ್ತೊಂದು ದಿನಕ್ಕಾಯ್ತು. ಅವಳು ನಾಳೆಯೂ ಹಾಡ್ಬೇಕಲ್ಲೋ," ಎಂದರು.

ಇಂಥವರು ಲೋಕದಲ್ಲಿ ಹೇರಳವಾಗಿದ್ದಾರೆ. ಇನ್ನೊಬ್ಬರ ಉಸಿರು ತಿರುಗುವ ತನಕ ಸ್ವರ ಬಿಡದೆ ಹಿಡಿದು ಕೂತವರು. ಅವರನ್ನು ಯಾರೂ ಗುರುತಿಸಲಿಲ್ಲವೆಂದು ನನ್ನಂಥವರು ಮರುಗುತ್ತೇವೆ, ಅವರ ಪರವಾಗಿ ಜಗಳಕ್ಕೂ ನಿಲ್ಲುತ್ತೇವೆ. ಅವರೋ ಯಾವುದೋ ತೃಪ್ತಿಯಲ್ಲಿ ಬಿಸ್ಕತ್ತು ಅದ್ದುತ್ತಿರುತ್ತಾರೆ. ಅದೇನೆಂದು ನನಗೆ ಈಚೆಗೆ ಹೊಳೆದಿದೆ. ಹಾಡು ಊರಿಗೆಲ್ಲ ಕೇಳಿಸುತ್ತದೆ. ಹಾಡಿಗೆ ಮುಂಚಿನ ಉಸಿರು ಅವರಿಗಷ್ಟೇ ಕೇಳಿಸುತ್ತದೆ.